ಧಾಟಿಗಳ ನಂಟು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಎರಡು ಜನಪದ ಧಾಟಿಗಳು ಒಂದೇ ಮೂಲದಿಂದ ಬಂದವೇ ಎಂಬುದನ್ನು ಕಂಪ್ಯೂಟರ್ ಹೇಳಬಲ್ಲುದೇ ಎಂದು ಕೇಳಿದ್ದೀಯೆ. ಅವು ಎಷ್ಟು ಹೋಲುತ್ತವೆ ಎಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ; ಏಕೆ ಹೋಲುತ್ತವೆ ಎಂಬುದನ್ನು ಮಾತ್ರ ನಾವೇ ಕಂಡುಕೊಳ್ಳಬೇಕು.

ವಿಧಾನ ಬಂದದ್ದು ಜೀವವಿಜ್ಞಾನದಿಂದ. ಎರಡು ಪ್ರೋಟೀನುಗಳ ಅಮೈನೋ ಆಮ್ಲಗಳ ಸಾಲನ್ನು, ಬೇಕಾದಲ್ಲಿ ತೆರಪು ಬಿಟ್ಟು, ಆದಷ್ಟೂ ಹೊಂದುವಂತೆ ಎದುರುಬದುರು ಜೋಡಿಸುವ ಕ್ರಮವನ್ನು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿ ಪ್ರಕಟಿಸಿದರು. ಅಮೈನೋ ಆಮ್ಲಗಳ ಜಾಗದಲ್ಲಿ ಸ್ವರಗಳನ್ನಿಟ್ಟರೂ ಲೆಕ್ಕ ಅದೇ. ‘ಸ ರಿ ಗ ಪ ಗ ರಿ ಸ’ ಮತ್ತು ‘ಸ ಗ ಪ ಧ ಪ ಗ ರಿ ಸ’ ಎಂಬೆರಡು ಸಾಲುಗಳನ್ನು ಮೊದಲಿನಿಂದ ಒಂದಕ್ಕೊಂದು ಎಣಿಸುತ್ತ ಹೋದರೆ ಆರಂಭದ ಷಡ್ಜವೊಂದೇ ಕೂಡುತ್ತದೆ. ಆದರೆ ಎರಡನೆಯದರಲ್ಲಿ ಒಂದು ರಿಷಭ ಬಿಟ್ಟುಹೋಗಿ, ‘ಧ ಪ’ ಸೇರಿಕೊಂಡಿದೆ ಎಂದು ತೆರಪು ಬಿಟ್ಟು ನೋಡಿದರೆ ಆರು ಸ್ವರಗಳು ಕೂಡುತ್ತವೆ. ರಿಷಭ ಒಂದರಲ್ಲಿ ಬಿಟ್ಟುಹೋಯಿತೋ ಇನ್ನೊಂದರಲ್ಲಿ ಸೇರಿತೋ ಎಂಬುದಕ್ಕೆ ಈ ಜೋಡಣೆಯಲ್ಲಿ ಉತ್ತರವಿಲ್ಲ. ಆದ್ದರಿಂದ ಯಾವ ಧಾಟಿ ಹಳೆಯದೆಂಬುದೂ ಇದರಿಂದ ತಿಳಿಯುವುದಿಲ್ಲ.

ನಿಜವಾದ ಸಂಗೀತಜ್ಞಾನ ಬೇಕಾಗುವುದು ಜೋಡಣೆಯಲ್ಲಿನ ಒಂದೊಂದು ವ್ಯತ್ಯಾಸಕ್ಕೂ ಬೆಲೆ ಕಟ್ಟುವಾಗ. ತೆರಪಿಗೆಷ್ಟು ದಂಡ, ಗಾಂಧಾರದ ಎದುರು ರಿಷಭ ಬಂದರೆಷ್ಟು, ನಿಷಾದ ಬಂದರೆಷ್ಟು ಎಂಬುದನ್ನು ಯಂತ್ರಕ್ಕೆ ನಾವೇ ಹೇಳಿಕೊಡಬೇಕು. ಅಷ್ಟೇ ಅಲ್ಲ, ಒಬ್ಬರು ಒಂದೇ ದೀರ್ಘಸ್ವರವಾಗಿ ಹಾಡಿದ್ದನ್ನು ಇನ್ನೊಬ್ಬರು ಮಾತಿನ ಅಕ್ಷರಗಳಿಗೆ ತಕ್ಕಂತೆ ಮೂರು ಹ್ರಸ್ವಸ್ವರಗಳಾಗಿ ಒಡೆದು ಹಾಡುತ್ತಾರೆ, ಕೇಳುವ ಕಿವಿಗೆ ಅದು ವ್ಯತ್ಯಾಸವೆಂದೇ ತೋರುವುದಿಲ್ಲ. ಮಾಂಜೋ ಮತ್ತು ಸ್ಯಾಂಕಾಫ್ 1990ರಲ್ಲಿ ಸ್ವರದ ಸ್ಥಾನದ ಜೊತೆಗೆ ಅದರ ಅವಧಿಯನ್ನೂ ಎಣಿಸಿ, ಹೀಗೆ ಒಡೆಯುವುದಕ್ಕೂ ಕೂಡಿಸುವುದಕ್ಕೂ ಪ್ರತ್ಯೇಕ ಬೆಲೆಯಿಟ್ಟದ್ದು ಈ ಕಾರಣಕ್ಕೇ, ಮತ್ತು ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಜಾಣ ಹೆಜ್ಜೆ ಅದೇ. ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡುವ ತೊಡಕು ಚಿಕ್ಕದು: ಎಲ್ಲವನ್ನೂ ಒಂದೇ ಆಧಾರಷಡ್ಜಕ್ಕೆ ತಂದರಾಯಿತು. ಸ್ವರಗಳ ಬದಲು ಅವುಗಳ ನಡುವಿನ ಅಂತರಗಳನ್ನು ಬರೆದುಕೊಳ್ಳುವವರೂ ಇದ್ದಾರೆ, ಆದರೆ ಆಗ ನಡುವಿನ ಒಂದು ಸ್ವರ ಬದಲಾದರೂ ಎರಡು ಅಂತರಗಳು ಬದಲಾಗುತ್ತವೆ.

ಯಂತ್ರದ ನೆರವೇನೂ ಹೊಸದಲ್ಲ; ಇಂಗ್ಲಿಷ್ ಲಾವಣಿಗಳ ಧಾಟಿಗಳನ್ನು ಸಂಪಾದಿಸಿದ ಬ್ರಾನ್ಸನ್ 1940ರ ದಶಕದಲ್ಲೇ ರಂಧ್ರಪತ್ರಗಳಲ್ಲಿ (ಪಂಚ್ ಕಾರ್ಡ್) ಅವನ್ನು ದಾಖಲಿಸಿ ವಿಂಗಡಿಸತೊಡಗಿದ್ದರು. ಇತ್ತೀಚೆಗೆ, 2022ರಲ್ಲಿ, ಸ್ಯಾವೇಜ್ ಮತ್ತು ಸಂಗಡಿಗರು ಇಂಗ್ಲಿಷ್ ಹಾಗೂ ಜಪಾನಿ ಭಾಷೆಗಳ 10,062 ಜನಪದ ಧಾಟಿಗಳನ್ನು ಹೋಲಿಸಿ, ಬಹಳ ಹತ್ತಿರದ ನಂಟುಳ್ಳ 328 ಜೋಡಿಗಳನ್ನು ಹೆಕ್ಕಿದರು. ಧಾಟಿಯ ಕಟ್ಟಡವನ್ನು ಹೊರುವ ಮುಖ್ಯ ಸ್ವರಗಳು ಅಲಂಕಾರಕ್ಕೆ ಬರುವ ಸ್ವರಗಳಿಗಿಂತ ಕಡಿಮೆ ಬದಲಾಗುತ್ತವೆ, ಬದಲಾದಾಗಲೂ ಸ್ವರವು ದೂರಕ್ಕೆ ಜಿಗಿಯುವುದಕ್ಕಿಂತ ನೆರೆಯ ಸ್ವರಕ್ಕೆ ಸರಿಯುವುದೇ ಹೆಚ್ಚು ಎಂಬ ಒಲವು ಎರಡೂ ಸಂಪ್ರದಾಯಗಳಲ್ಲಿ ಕಂಡಿತು. ಹಾಡುಗಾರರಿಗೆ ಇದು ಗೊತ್ತಿದ್ದ ಸಂಗತಿಯೇ ಎನ್ನುವೆಯೇನೋ. ಆದರೆ ಇಂತಹ ಎಣಿಕೆಯಿಂದ ಆ ಬೆಲೆಪಟ್ಟಿಯನ್ನು ಊಹೆಯ ಬದಲು ಆಧಾರದ ಮೇಲೆ ಕಟ್ಟಬಹುದು.

ಇಷ್ಟಾದರೂ ಆಕಸ್ಮಿಕ ಹೋಲಿಕೆ ಕಾಡುತ್ತಲೇ ಇರುತ್ತದೆ. ಐದೇ ಸ್ವರಗಳಲ್ಲಿ ಓಡಾಡಿ, ಹೆಜ್ಜೆಹೆಜ್ಜೆಯಾಗಿ ಇಳಿದು ಷಡ್ಜಕ್ಕೆ ಬಂದು ನಿಲ್ಲುವ ಧಾಟಿಗಳು ಒಂದನ್ನೊಂದು ಎಂದೂ ಕೇಳದೆಯೇ ಹೋಲುತ್ತವೆ. ಸ್ವರಗಳನ್ನು ಕಲಸಿ ಕೃತಕ ಸಾಲುಗಳನ್ನು ಮಾಡಿ, ಅವಕ್ಕಿಂತ ಹೆಚ್ಚು ಹೋಲಿದರೆ ನಂಟು ಸಿದ್ಧವಾಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಕಲಸಿದೊಡನೆ ಆ ಹೆಜ್ಜೆಯ ನಡಿಗೆಯೇ ಅಳಿಸಿಹೋಗುವುದರಿಂದ ಯಾವ ನಿಜವಾದ ಧಾಟಿಯಾದರೂ ಅದರ ಎದುರು ಗೆಲ್ಲುತ್ತದೆ. ನಂಟಿಲ್ಲವೆಂದು ಬೇರೆ ಆಧಾರಗಳಿಂದ ಬಲವಾಗಿ ನಂಬಬಹುದಾದ, ಆದರೆ ಅದೇ ಸ್ವರಸಮೂಹದ ಧಾಟಿಗಳೊಡನೆ ಹೋಲಿಸಿ ನೋಡುವುದೇ ನ್ಯಾಯ. ಇನ್ನು ಅರ್ಧ ಒಂದು ಧಾಟಿಯಿಂದ, ಅರ್ಧ ಮತ್ತೊಂದರಿಂದ ಬಂದ ಹಾಡುಗಳಿಗೆ ಇಡೀ ಸಾಲಿನ ಜೋಡಣೆ ಸಾಲದು. ತುಣುಕುಗಳನ್ನಷ್ಟೇ ಹೊಂದಿಸುವ, 1981ರ ಸ್ಮಿತ್ ಮತ್ತು ವಾಟರ್‌ಮನ್ ಕ್ರಮ ಬೇಕು. ಅಂಥ ಹಾಡಿಗೆ ಎರಡು ಮೂಲಗಳಿರುವುದರಿಂದ ಕವಲೊಡೆಯುತ್ತ ಹೋಗುವ ವಂಶವೃಕ್ಷದಲ್ಲಿ ಅದಕ್ಕೊಂದು ಜಾಗ ಹುಡುಕುವುದೂ ಕಷ್ಟ.

ನಿನ್ನ ಸಂಗ್ರಹವನ್ನು ಕಳುಹಿಸುವಾಗ ಸ್ವರಗಳ ಜೊತೆಗೆ ಅವುಗಳ ಅವಧಿ, ಚರಣ ಎಲ್ಲಿ ಮುಗಿಯುತ್ತದೆ, ಹಾಡಿದವರು ಯಾರಿಂದ ಕಲಿತರು ಎಂಬುದನ್ನೂ ಬರೆ. ಒಂದೇ ಹಾಡಿನ ಪಾಠಾಂತರಗಳೆಂದು ನಿನಗೆ ಖಚಿತವಿರುವ ಧಾಟಿಗಳನ್ನು ಬೇರೆಯಾಗಿ ಗುರುತಿಸು. ದಂಡಗಳನ್ನು ಮೊದಲು ಅವುಗಳ ಮೇಲೆ ಪರೀಕ್ಷಿಸಿ, ಆಮೇಲೆ ಉಳಿದವುಗಳಿಗೆ ಕೈ ಹಾಕುತ್ತೇನೆ.

ನಿನ್ನ ಗೆಳೆಯ