ಪರದಾಟವಷ್ಟೇ ಸುದ್ದಿಯೇ?

ಮಾನ್ಯರೇ,

ಮುಷ್ಕರ ಎಂದಕೂಡಲೇ ನಮ್ಮ ಮಾಧ್ಯಮಗಳಲ್ಲಿ ಮೊದಲು ಕಾಣುವುದು ‘ಪ್ರಯಾಣಿಕರ ಪರದಾಟ’. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಬಸ್ಸು ನಿಲ್ಲಿಸಿದಾಗಲೂ ಅಷ್ಟೇ. ಕಂಡಕ್ಟರ್ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು ವಿಚಾರಿಸಿದವರು ಕಡಿಮೆ.

2016ರ ಏಪ್ರಿಲ್ 18 ಮತ್ತು 19 ನೆನಪಿರಬಹುದು. ಪಿ.ಎಫ್‌.ನಲ್ಲಿ (ಭವಿಷ್ಯ ನಿಧಿ) ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಗಾರ್ಮೆಂಟ್ಸ್‌ನ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಮಿಷನ್ ಬಿಟ್ಟೆದ್ದು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದರು. ಅವರಿಗೆ ಆ ದುಡ್ಡೆಂದರೆ ಮಗಳ ಕಾಲೇಜು ಫೀಸು, ಒಂದು ಕಾರ್ಖಾನೆ ಬಿಟ್ಟು ಇನ್ನೊಂದು ಸೇರುವ ನಡುವಿನ ಮನೆ ಬಾಡಿಗೆ. ಲಾಠಿ ಏಟೂ ಬಿತ್ತು. ಎರಡನೇ ದಿನವೇ ಕೇಂದ್ರ ಆದೇಶ ಹಿಂಪಡೆಯಿತು. ಅದೇ ರಸ್ತೆಯಲ್ಲಿ ಕಾರಿನೊಳಗೆ ಕೂತು ಶಪಿಸುತ್ತಿದ್ದ ಸಾಫ್ಟ್‌ವೇರ್ ನೌಕರರ ಪಿ.ಎಫ್‌. ಕೂಡ ಹಾಗೆ ಉಳಿಯಿತು! ಇದನ್ನು ಅವರಿಗೆ ಮನದಟ್ಟು ಮಾಡುವ ಕೆಲಸವನ್ನು ಕಾರ್ಮಿಕ ಸಂಘಗಳು ಸರಿಯಾಗಿ ಮಾಡಲಿಲ್ಲ.

ಸಂಘಗಳ ತಪ್ಪೂ ಇದೆ. ಕಾಯಂ ನೌಕರರ ಬೋನಸ್ ಮಾತುಕತೆ ಮುಗಿದರೆ, ಅದೇ ಗೇಟಿನಲ್ಲಿ ಒಳಹೋಗುವ ಗುತ್ತಿಗೆಯವರು ಎಷ್ಟೋ ಮುಖಂಡರ ಕಣ್ಣಿಗೇ ಬೀಳುವುದಿಲ್ಲ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರಿಗೆ ಅವರದೇ ಭಾಷೆಯಲ್ಲೊಂದು ಕರಪತ್ರ ಹಂಚಲು ಏನಡ್ಡಿ? 2023ರಲ್ಲಿ ಕಾರ್ಖಾನೆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ದಿನಕ್ಕೆ 12 ಗಂಟೆ ದುಡಿಮೆಗೆ ದಾರಿ ಮಾಡಿತು, ಮರುವರ್ಷ ಐ.ಟಿ.ಯವರಿಗೆ 14 ಗಂಟೆಯ ಪ್ರಸ್ತಾಪ ಬಂತು. ಎರಡೂ ಕಡೆಯವರು ಒಟ್ಟಿಗೆ ಕೂರಲು ಇನ್ನೇನು ಬೇಕು?

ತಮ್ಮ ಪತ್ರಿಕೆಗೂ ಒಂದು ಕೋರಿಕೆ: ಮುಂದಿನ ಮುಷ್ಕರದ ದಿನ ಟ್ರಾಫಿಕ್ ಜಾಮಿನ ಚಿತ್ರದ ಪಕ್ಕದಲ್ಲೇ ಕಾರ್ಮಿಕರ ಬೇಡಿಕೆ ಪಟ್ಟಿಯನ್ನೂ ಪೂರ್ತಿ ಅಚ್ಚು ಹಾಕಿ.

– ನಿವೃತ್ತ ಕಾರ್ಮಿಕ, ಪೀಣ್ಯ, ಬೆಂಗಳೂರು