ಒಂದೇ ಹೆಸರಿನ ಎರಡು ಬಾಟಲಿ, ಎರಡು ರುಚಿ

ಮಾನ್ಯ ಸಂಪಾದಕರಿಗೆ,

ಸುಮಾರು ಎರಡು ವರ್ಷಗಳ ಅಂತರದಲ್ಲಿ ನಾನು ಕೊಂಡಿದ್ದ, ಹೆಸರೂ ಚೀಟಿಯೂ ಒಂದೇ ಆಗಿದ್ದ, ಹನ್ನೆರಡು ವರ್ಷ ಮಾಗಿದ್ದೆಂದು ನಮೂದಿಸಿದ್ದ ಎರಡು ಸ್ಕಾಚ್ (ಎಂದರೆ ಸ್ಕಾಟ್ಲೆಂಡಿನ) ಸಿಂಗಲ್ ಮಾಲ್ಟ್ ವಿಸ್ಕಿ ಬಾಟಲಿಗಳನ್ನು ಒಂದು ಸಂಜೆ ಪಕ್ಕಪಕ್ಕದಲ್ಲಿಟ್ಟು ರುಚಿ ನೋಡುವ ಸಂದರ್ಭ ಬಂದಿತು. ಮೊದಲನೆಯದರಲ್ಲಿ ಒಣದ್ರಾಕ್ಷಿಯ ಸಿಹಿ ಎದ್ದು ಕಾಣುತ್ತಿದ್ದರೆ, ಎರಡನೆಯದರಲ್ಲಿ ಆಗತಾನೆ ಬೆಂಕಿಕಡ್ಡಿ ಗೀರಿದಂತಹ ಘಾಟು ಮುಂದಾಗಿ ನಿಂತಿತ್ತು. ಜೊತೆಗಿದ್ದ ಸ್ನೇಹಿತರು ಒಡನೆಯೇ ‘ಇದು ನಕಲಿ’ ಎಂದು ತೀರ್ಪು ಕೊಟ್ಟರು. ನಾನೂ ಆಗ ತಲೆಯಾಡಿಸಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ಆ ತೀರ್ಪು ದುಡುಕಿನದೆಂದು ಈಗ ನನಗನ್ನಿಸುತ್ತಿದೆ. ಇಂತಹ ವ್ಯತ್ಯಾಸ ಬಹುಪಾಲು ಸಹಜವಾದುದೇ. ಆದರೆ ಅದನ್ನು ಕೊಳ್ಳುವವರಿಗೆ ತಿಳಿಸದೆ ಇರುವುದು ಸರಿಯಲ್ಲವೆಂಬುದು ಈ ಪತ್ರದ ಅಹವಾಲು.

ಗೊಂದಲ ‘ಸಿಂಗಲ್’ ಎಂಬ ಪದದಿಂದಲೇ ಆರಂಭವಾಗುತ್ತದೆ. ಅದರ ಅರ್ಥ ಒಂದೇ ಪೀಪಾಯಿ ಎಂದಲ್ಲ, ಒಂದೇ ಡಿಸ್ಟಿಲರಿ, ಅಂದರೆ ಮದ್ಯ ಭಟ್ಟಿ ಇಳಿಸುವ ಒಂದೇ ಕಾರ್ಖಾನೆ ಎಂದು. ಸ್ಕಾಚ್ ವಿಸ್ಕಿಗೆ ಸಂಬಂಧಿಸಿದ 2009ರ ನಿಯಮಗಳ ಪ್ರಕಾರ ಸಿಂಗಲ್ ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ಒಂದೇ ಡಿಸ್ಟಿಲರಿಯ ಹಂಡೆಗಳಲ್ಲಿ ಸರದಿಯಂತೆ ಭಟ್ಟಿ ಇಳಿಸಿ, 700 ಲೀಟರ್ ಮೀರದ ಓಕ್ ಪೀಪಾಯಿಗಳಲ್ಲಿ ಕನಿಷ್ಠ ಮೂರು ವರ್ಷ ಮಾಗಿಸಿದ ಮದ್ಯ. ಮಾಮೂಲಾಗಿ ಮಾರಾಟಕ್ಕೆ ಬರುವ ಒಂದು ಬಾಟಲಿಯೊಳಗೆ ಅಂತಹ ಎಷ್ಟೋ ಪೀಪಾಯಿಗಳ ಮದ್ಯ ಬೆರೆತಿರುತ್ತದೆ. ಚೀಟಿಯ ಮೇಲಿನ ವಯಸ್ಸು ಆ ಬೆರಕೆಯ ಅತಿ ಕಿರಿಯ ಪೀಪಾಯಿಯದು ಮಾತ್ರ.

ಪೀಪಾಯಿಗಳಾದರೋ ಒಡಹುಟ್ಟಿದವರಿದ್ದಂತೆ, ಒಂದರ ಗುಣ ಇನ್ನೊಂದಕ್ಕಿಲ್ಲ. ಅಮೆರಿಕದಲ್ಲಿ ಬರ್ಬನ್ ಎಂಬ ಅಲ್ಲಿನ ವಿಸ್ಕಿಯನ್ನು ಮಾಗಿಸಲು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕೆಂಬ ಕಾನೂನಿರುವುದರಿಂದ, ಅಲ್ಲಿ ಒಮ್ಮೆ ಬಳಸಿದವು ರಾಶಿರಾಶಿಯಾಗಿ ಸ್ಕಾಟ್ಲೆಂಡಿಗೆ ಬರುತ್ತವೆ. ಇವು ಸುಮಾರು 200 ಲೀಟರಿನವು; ವೆನಿಲ್ಲಾದಂತಹ ನಯವಾದ ಸಿಹಿ ಇವುಗಳ ಕೊಡುಗೆ. ಶೆರ್ರಿ ಎಂಬ ಸ್ಪೇನಿನ ದ್ರಾಕ್ಷಾರಸದ ಮದ್ಯ ತುಂಬಿದ್ದ 500 ಲೀಟರಿನ ದೊಡ್ಡ ಪೀಪಾಯಿಗಳದು ಒಣಹಣ್ಣಿನ ಗುಣ. ಅವುಗಳ ಒಳಮೈಯನ್ನು ಕೆಡದಂತೆ ಕಾಪಾಡಲು ಗಂಧಕ ಉರಿಸುವ ಹಳೆಯ ರೂಢಿಯೊಂದಿದೆ. ನನ್ನ ಎರಡನೆಯ ಬಾಟಲಿಯ ಬೆಂಕಿಕಡ್ಡಿ ವಾಸನೆಗೆ ಬಹುಶಃ ಅದೇ ಕಾರಣ. ಇಷ್ಟು ಸಾಲದೆಂಬಂತೆ, ಒಂದೇ ಪೀಪಾಯಿಯನ್ನು ಎರಡು, ಮೂರು ಸಲ ತುಂಬುವುದೂ ಉಂಟು. ಕುದಿಸಿದ ಚಹಾ ಪುಡಿಯನ್ನೇ ಮತ್ತೆ ಕುದಿಸಿದ ಹಾಗೆ ಮರದ ಸಾರ ಪ್ರತಿ ಸಲವೂ ತೆಳುವಾಗುತ್ತ ಹೋಗುತ್ತದೆ. ಉಗ್ರಾಣದ ಹವೆಯೂ ಸುಮ್ಮನಿರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲಿನಷ್ಟು ಮದ್ಯ ಆವಿಯಾಗುತ್ತದೆಂಬ ಲೆಕ್ಕ ಹಿಡಿದರೆ ಹನ್ನೆರಡು ವರ್ಷಗಳಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಟುಹೋಗಿರುತ್ತದೆ. ತೇವದ ಮೂಲೆಯಲ್ಲಿದ್ದ ಪೀಪಾಯಿ ಮದ್ಯಸಾರವನ್ನೂ, ಒಣ ಮೂಲೆಯಲ್ಲಿದ್ದದ್ದು ನೀರನ್ನೂ ಹೆಚ್ಚಾಗಿ ಕಳೆದುಕೊಳ್ಳುತ್ತದೆ.

ಇವನ್ನೆಲ್ಲ ಹದವರಿತು ಬೆರೆಸಿ ಹಿಂದಿನ ಸಲದ ರುಚಿಗೆ ಹತ್ತಿರ ತರುವುದು ಅಲ್ಲಿನ ಪರಿಣತರ ಕೆಲಸ. ಗ್ಲೆನ್‌ಫಿಡಿಕ್ ಎಂಬ ಡಿಸ್ಟಿಲರಿಯವರು ತಮ್ಮ 15 ವರ್ಷದ ಮಾಲ್ಟ್‌ಗಾಗಿ ಎಂದೂ ಅರ್ಧಕ್ಕಿಂತ ಕೆಳಗೆ ಬರಿದಾಗದ ದೊಡ್ಡ ಮರದ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದಾರೆ. ಹೆಪ್ಪು ಉಳಿಸಿಕೊಂಡು ಮೊಸರು ಮಾಡುವ ಜಾಣತನವನ್ನು ನೆನಪಿಸುವ ಕ್ರಮವದು. ಬಣ್ಣದ ವಿಷಯವಂತೂ ಇನ್ನೂ ಸುಲಭ. ಸಾದಾ ಕ್ಯಾರಮೆಲ್, ಅಂದರೆ ಸಕ್ಕರೆ ಕಾಯಿಸಿ ಮಾಡಿದ ಬಣ್ಣ, ಸೇರಿಸಲು ನಿಯಮವೇ ಅನುಮತಿ ಕೊಟ್ಟಿರುವುದರಿಂದ ಎಲ್ಲ ಬಾಟಲಿಗಳೂ ಕಣ್ಣಿಗೆ ಒಂದೇ ಆಗಿ ಕಾಣುತ್ತವೆ. ನಾಲಿಗೆ ಬೇರೆ ಹೇಳಿದಾಗ ಮೋಸವೆಂದು ನಮಗೆ ತೋರುವುದು ಬಹುಮಟ್ಟಿಗೆ ಈ ಕಣ್ಣಿನ ನಂಬಿಕೆಯಿಂದಲೇ.

ದಾಸ್ತಾನಿನ ಏರಿಳಿತವೂ ಬಾಟಲಿಯೊಳಗೆ ಇಳಿಯುತ್ತದೆ. 1980ರ ದಶಕದಲ್ಲಿ ಬೇಡಿಕೆ ಕುಸಿದು ಪೋರ್ಟ್ ಎಲೆನ್, ಬ್ರೋರಾ ಮುಂತಾದ ಡಿಸ್ಟಿಲರಿಗಳು 1983ರಲ್ಲಿ ಬಾಗಿಲು ಹಾಕಿದವು. ಮಾಗಿದ ಮದ್ಯ ಮಾರಾಟವಾಗದೆ ಉಳಿದಂತಹ ಕಾಲದಲ್ಲಿ ‘12 ವರ್ಷ’ದ ಬಾಟಲಿಯೊಳಗೆ ಹದಿನೈದು, ಹದಿನೆಂಟು ವರ್ಷದ ಪೀಪಾಯಿಗಳೂ ಸೇರಬಹುದು, ಬೇಡಿಕೆ ಏರಿದಾಗ ಹನ್ನೆರಡು ತುಂಬಿದ ದಿನವೇ ಪೀಪಾಯಿ ಖಾಲಿಯಾಗಬಹುದು. ಚೀಟಿ ಮಾತ್ರ ಎರಡೂ ಸಲ ಅದೇ.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಒಳಗಿರುವ ಎಲ್ಲ ಪೀಪಾಯಿಗಳ ವಯಸ್ಸನ್ನು ಹೇಳಬೇಕೆಂದರೂ ತಯಾರಕರಿಗೆ ಅವಕಾಶವಿಲ್ಲ. ಕಾಂಪಸ್ ಬಾಕ್ಸ್ ಎಂಬ ಕಂಪನಿ ತನ್ನ ಎರಡು ವಿಸ್ಕಿಗಳ ಪೂರ್ಣ ವಿವರವನ್ನು 2015ರಲ್ಲಿ ಪ್ರಕಟಿಸಿದಾಗ, ಅದು ನಿಯಮಕ್ಕೆ ವಿರುದ್ಧವೆಂಬ ಕಾರಣದಿಂದ ಹಿಂತೆಗೆದುಕೊಳ್ಳಬೇಕಾಯಿತು. ಅವು ಸಿಂಗಲ್ ಮಾಲ್ಟ್‌ಗಳಲ್ಲ. ಆದರೂ ನಿಯಮ ಎಲ್ಲಕ್ಕೂ ಒಂದೇ. ಹಳೆಯ ಮದ್ಯದ ಒಂದು ಹನಿ ಸೇರಿಸಿ ಅದರ ವಯಸ್ಸನ್ನೇ ಮೆರೆಸುವವರನ್ನು ತಡೆಯಲು ಮಾಡಿದ ಕಟ್ಟಳೆ, ಸತ್ಯವನ್ನು ಪೂರ್ತಿಯಾಗಿ ಹೇಳಬಯಸಿದವರ ಬಾಯನ್ನೂ ಕಟ್ಟಿದೆ.

ಕಟ್ಟಳೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಅಬರ್‌ಲೋರ್ ಡಿಸ್ಟಿಲರಿಯು ತನ್ನ ಅಬುನಾ ಎಂಬ ಮಾಲ್ಟ್‌ನ ಪ್ರತಿ ಬಾಟಲಿಯ ಮೇಲೂ ಬ್ಯಾಚ್ (ಒಟ್ಟಿಗೆ ಬೆರೆಸಿ ತುಂಬಿದ ಒಂದು ಕಂತು) ಸಂಖ್ಯೆಯನ್ನು ಎದ್ದು ಕಾಣುವಂತೆ ಮುದ್ರಿಸುತ್ತದೆ. ಆದ್ದರಿಂದ ಅದನ್ನು ಮೆಚ್ಚುವವರು ರುಚಿ ಬದಲಾಯಿತೆಂದು ದೂರುವ ಬದಲು ಯಾವ ಬ್ಯಾಚ್ ಹೇಗಿತ್ತೆಂದು ಚರ್ಚಿಸುತ್ತಾರೆ. ಉಳಿದವರೂ ಬ್ಯಾಚ್ ಸಂಖ್ಯೆಯನ್ನೂ ಬಾಟಲಿಗೆ ತುಂಬಿದ ತಿಂಗಳು, ವರ್ಷವನ್ನೂ ಎಲ್ಲರೂ ಓದಬಲ್ಲ ಅಕ್ಷರಗಳಲ್ಲಿ ಮುದ್ರಿಸಲಿ.

ಎಲ್ಲ ವ್ಯತ್ಯಾಸವನ್ನೂ ತಯಾರಕರ ತಲೆಗೆ ಕಟ್ಟುವಂತಿಲ್ಲವೆಂಬುದೂ ನಿಜ. ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ಉಳಿದ ಬಾಟಲಿಯಲ್ಲಿ ಗಾಳಿ ಹೆಚ್ಚಿ ಹಗುರವಾದ ಪರಿಮಳಗಳು ಮೊದಲು ಮಾಯವಾಗುತ್ತವೆ. ಬಿಸಿಲಿಗಿಟ್ಟರೆ ಇನ್ನೂ ಬೇಗ. ಅಡ್ಡ ಮಲಗಿಸಿಟ್ಟರೆ ಮದ್ಯಸಾರ ಕಾರ್ಕ್ ಬಿರಡೆಯನ್ನೇ ತಿನ್ನುತ್ತದೆ. ನೆಗಡಿಯಾದ ದಿನ ಕುಡಿದು ವಿಸ್ಕಿಯನ್ನು ಬೈದವರನ್ನೂ ನಾನು ಕಂಡಿದ್ದೇನೆ. ನನ್ನ ಮೊದಲ ಬಾಟಲಿ ಆ ಸಂಜೆಯ ಹೊತ್ತಿಗೆ ಮುಕ್ಕಾಲು ಖಾಲಿಯಾಗಿ ವರ್ಷವೇ ಕಳೆದಿತ್ತು. ಎರಡನೆಯದರ ಬಿರಡೆಯನ್ನು ಅಂದೇ ತೆಗೆದಿದ್ದೆ. ಹೋಲಿಕೆ ನ್ಯಾಯವಾದುದಾಗಿರಲಿಲ್ಲ.

ಎರಡರ ತಳಭಾಗದಲ್ಲೂ ಗಾಜಿನ ಮೇಲೆ ಸಣ್ಣಗೆ ಕೊರೆದ ಅಂಕಿಗಳಿವೆ. ಭೂತಗನ್ನಡಿ ಹಿಡಿದು ಬರೆದುಕೊಂಡಿದ್ದೇನೆ: ಅವು ಬೇರೆ ಬೇರೆ. ಅವುಗಳ ಅರ್ಥ ತಯಾರಕರಿಗೆ ಗೊತ್ತಿದೆ, ಹಣ ಕೊಟ್ಟು ಕೊಂಡ ನನಗೆ ಗೊತ್ತಿಲ್ಲ.

ಇಂತಿ,
ತಮ್ಮ ಪತ್ರಿಕೆಯ ಓದುಗ