ನಮ್ಮ ಕುರಿಗಳೂ ‘ನ್ಯೂಟ್ರಲ್’ ಬಣ್ಣದವೇ

ಮಾನ್ಯ ಸಂಪಾದಕರೇ,

ಕಳೆದ ಶನಿವಾರದ ನಿಮ್ಮ ಪುರವಣಿಯಲ್ಲಿ ಕೈಮಗ್ಗದ ಉಣ್ಣೆ ನೆಲಹಾಸುಗಳ ಬಗ್ಗೆ ಬಂದ ಬರಹ ಓದಿದೆ. ಕೆನೆ ಬಣ್ಣ, ಬೂದಿ ಬಣ್ಣ, ಮಣ್ಣಿನ ಬಣ್ಣ. ಇವಕ್ಕೆ ‘ನ್ಯೂಟ್ರಲ್’ ಅಂತ ಹೆಸರು, ಗೋಡೆ ಸೋಫಾ ಯಾವುದರ ಜೊತೆಗೂ ಜಗಳ ಆಡಲ್ಲ ಅಂತ ಬರೆದಿದ್ದೀರಿ. ಒಪ್ಪಿದೆ. ಆದರೆ ನೆಲಹಾಸಿಗೆ ಹೆಸರಾದ ಉತ್ತರ ಪ್ರದೇಶದ ಭದೋಹಿ, ಜೈಪುರ, ಟರ್ಕಿ ಎಲ್ಲ ಸುತ್ತಿದವರು ನಮ್ಮ ಚಳ್ಳಕೆರೆಗೆ ಮಾತ್ರ ಬರಲಿಲ್ಲವಲ್ಲ ಅಂತ ಬೇಜಾರಾಯಿತು.

ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 11 ವರ್ಷ ಪಾಠ ಹೇಳಿದವಳು ನಾನು. ನಮ್ಮ ಶಾಲೆಯ ಹಿಂದಿನ ಬೀದಿಯಲ್ಲೇ ಕಂಬಳಿ ಮಗ್ಗಗಳಿದ್ದವು. ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಕುವ ನೂಲು, ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಸವರುತ್ತಿದ್ದರು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಮಾಡಿದ ಗಂಜಿ. ಒಂದು ದೊಡ್ಡ ಕುಂಚ ಹಿಡಿದು ಈ ತುದಿಯಿಂದ ಆ ತುದಿಗೆ ತೀಡುತ್ತಾ ಹೋಗಬೇಕು, ಎಳೆ ಎಳೆಗೂ ತಾಗಬೇಕು, ಬಿಸಿಲೇರುವ ಮೊದಲು ಮುಗಿಯಬೇಕು. ಆ ಹುಳಿ ವಾಸನೆ ನಾಲ್ಕನೇ ತರಗತಿಯ ಕೋಣೆಯೊಳಕ್ಕೂ ಬರುತ್ತಿತ್ತು. ಹೆಂಗಸರು ಜಗಲಿ ಮೇಲೆ ಕೂತು ರಾಟೆಯಲ್ಲಿ ನೂಲುತ್ತಿದ್ದರು, ಗಂಡಸರು ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಬಣ್ಣ ಹಾಕುವ ಮಾತೇ ಇಲ್ಲ. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಕರಿ, ಕಂದು, ಬೂದು, ಬಿಳಿ.

ಈಗ ಯಲಹಂಕದಲ್ಲಿ ಮಗನ ಫ್ಲಾಟ್‌ನಲ್ಲಿದ್ದೇನೆ. ಹೋದ ವರ್ಷ ಸೊಸೆ ಆನ್‌ಲೈನ್‌ನಲ್ಲಿ ಒಂದು ‘ಕೈನೇಯ್ಗೆ ಉಣ್ಣೆ ರಗ್’ ತರಿಸಿದಳು. 6,800 ರೂಪಾಯಿ. ನೋಡಲು ಚೆನ್ನಾಗಿತ್ತು, ಹಾಲಿಗೆ ಒಂದು ಹನಿ ಕಾಫಿ ಬಿದ್ದ ಹಾಗಿನ ಬಣ್ಣ. ಕೈಯಾಡಿಸಿದಾಗ ನನಗೇಕೋ ಅನುಮಾನ ಬಂತು. ಅಂಚಿನಿಂದ ಒಂದೆಳೆ ಕಿತ್ತು ದೇವರ ದೀಪಕ್ಕೆ ಹಿಡಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ನಾತ ಬರಬೇಕು, ಬೆರಳಲ್ಲಿ ಉಜ್ಜಿದರೆ ಬೂದಿಯಾಗಿ ಉದುರಬೇಕು. ಇದು ಕರಗಿ, ಮುದುರಿ, ತುದಿಯಲ್ಲಿ ಗಟ್ಟಿ ಮಣಿಯಾಯಿತು. ಅಪ್ಪಟ ಪ್ಲಾಸ್ಟಿಕ್! ವಾಪಸ್ ತಗೊಳ್ಳಿ ಅಂದರೆ, ‘ಎಳೆ ಕಿತ್ತಿದ್ದೀರಿ, ಆಗಲ್ಲ’ ಅಂದರು. ಈಗ ಅದು ಬಾಲ್ಕನಿಯಲ್ಲಿ ವಾಷಿಂಗ್ ಮಷಿನ್ ಕೆಳಗಿದೆ.

ಆಮೇಲೆ ನಾನೇ ಹಟ ಹಿಡಿದು ಬಸ್ ಹತ್ತಿ ಹಳೇ ಊರಿಗೆ ಹೋದೆ. ಆ ಬೀದಿಯಲ್ಲಿ ಈಗ ಉಳಿದಿರುವುದು ಎರಡೇ ಮಗ್ಗ. ನಮ್ಮ ಹಾಲ್‌ಗೆ 6 ಅಡಿ ಅಗಲದ್ದು ಬೇಕು ಅಂದೆ. ಮಗ್ಗ ಅಷ್ಟು ಅಗಲ ಇಲ್ಲ. ಎರಡು ಪಟ್ಟಿ ನೇಯ್ದು ನಡುವೆ ಕೈಯಲ್ಲೇ ಹೊಲಿದು ಕೊಡ್ತೀವಿ ಅಂದರು. ಹಾಗೇ ಕೊಟ್ಟರು. ಕರಿ ಮೈ, ಎರಡೂ ಅಂಚಿಗೆ ಬಿಳಿ ಉಣ್ಣೆಯ ಗೆರೆ. ಕರಿ ಅಂದರೆ ಒಂದೇ ಕರಿ ಅಲ್ಲ. ಬಿಸಿಲಲ್ಲಿ ಮೇಯುವ ಕುರಿಯ ಉಣ್ಣೆ ತುದಿಯಲ್ಲಿ ಕೆಂಪಗಾಗಿರುತ್ತದೆ. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದಾಗ ನೋಡಬೇಕು, ಒಂದು ಕಡೆ ಇದ್ದಿಲು, ಒಂದು ಕಡೆ ಸುಟ್ಟ ಬೆಲ್ಲ. ಪುರವಣಿಯವರು ಇದಕ್ಕೆ ಏನು ಹೆಸರಿಡುತ್ತಾರೋ ಗೊತ್ತಿಲ್ಲ.

ತೊಂದರೆ ಇಲ್ಲ ಅಂತ ಹೇಳಲ್ಲ. ಮೊದಲ ಒಂದು ತಿಂಗಳು ಗಂಜಿಯಿಂದಾಗಿ ಹಪ್ಪಳದ ಹಾಗೆ ಸೆಟೆದು ಕೂತಿತ್ತು. ಕೂದಲು ಉದುರುತ್ತಿತ್ತು. ಕೆಲಸದಾಕೆ ಗೊಣಗಿದಳು. ಟೈಲ್ಸ್ ಮೇಲೆ ಜಾರುತ್ತದೆ, ಕೆಳಗೆ ರಬ್ಬರ್ ಜಾಲರಿ ಹಾಕಲೇಬೇಕು. ಮಳೆಗಾಲದಲ್ಲಿ ಸ್ವಲ್ಪ ಕುರಿ ವಾಸನೆಯೂ ಉಂಟು. ಬಿಸಿ ನೀರಿಗಂತೂ ಹಾಕಬಾರದು, ಮುದುರಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಟೆರೇಸ್‌ನಲ್ಲಿ ಬಿಸಿಲಿಗೆ ಹಾಕಿ ಕೋಲಲ್ಲಿ ಬಡಿದರೆ ಸಾಕು. ಮಡಚಿ ಇಡುವಾಗ ಒಣಗಿದ ಬೇವಿನ ಸೊಪ್ಪು ಇಟ್ಟರೆ ಹುಳ ಬರಲ್ಲ. ಮೊಮ್ಮಗ ಒಮ್ಮೆ ಅರ್ಧ ಲೋಟ ಹಾಲು ಚೆಲ್ಲಿದ. ಹಾಲು ಇಂಗಲಿಲ್ಲ, ಕೆಸುವಿನ ಎಲೆ ಮೇಲಿನ ನೀರಿನಂತೆ ಮಣಿಮಣಿಯಾಗಿ ನಿಂತಿತು. ಬಟ್ಟೆ ತಂದು ಒರೆಸಿಬಿಟ್ಟೆ. ಉಣ್ಣೆಯ ಜಿಡ್ಡಿನ ಗುಣ ಅದು. ಕುರಿ ಕಾಯುವವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಿದ್ದುದು ಸುಮ್ನೆ ಅಲ್ಲ.

ಇಷ್ಟೆಲ್ಲ ಬರೆಯಲು ಕಾರಣ ಇದೆ. ಈ ಕಂಬಳಿ ನೇಯುವುದು ನಮ್ಮ ಕಡೆಯ ದಖ್ಖನಿ ತಳಿಯ ಕುರಿಯ ಉಣ್ಣೆಯಲ್ಲಿ, ಅದು ಒರಟು. ಮೈಗೆ ಚುಚ್ಚುತ್ತದೆ. ಪಾಣಿಪತ್‌ನಿಂದ ಹಳೇ ಬಟ್ಟೆ ಅರೆದು ಮಾಡಿದ ಅಗ್ಗದ ಬ್ಲಾಂಕೆಟ್ ಬಂದ ಮೇಲೆ ಹೊದೆಯಲು ಕಂಬಳಿ ಯಾರಿಗೂ ಬೇಡವಾಯಿತು. ಸೈನ್ಯ, ಸರ್ಕಾರ ಕೊಳ್ಳುವುದೂ ಇಳಿಯಿತು. ಕುರಿಗಾರರು ಮಾಂಸಕ್ಕೆ ಅಂತ ಉಣ್ಣೆ ಇಲ್ಲದ ತಳಿಗಳ ಕಡೆ ಹೊರಳಿದರು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಬೇಕು, ಒಂದು ಕುರಿಗೆ ಸಲಕ್ಕೆ ಅರ್ಧ ಕೆಜಿಯೂ ಬರಲ್ಲ, ಕತ್ತರಿಸುವವರ ಕೂಲಿ ಕೂಡ ಹುಟ್ಟಲ್ಲ. ಎಷ್ಟೋ ಕಡೆ ಕತ್ತರಿಸಿ ಅಲ್ಲೇ ಬಯಲಲ್ಲಿ ಬಿಟ್ಟು ಹೋಗುತ್ತಾರೆ. ನಾವು ಅತ್ತ ಪ್ಲಾಸ್ಟಿಕ್ಕನ್ನು ಉಣ್ಣೆ ಅಂತ ಕೊಳ್ಳುತ್ತಿದ್ದೇವೆ! ಒರಟುತನ ಹೆಗಲಿಗೆ ದೋಷ ಇರಬಹುದು, ನೆಲಕ್ಕೆ ಅದೇ ಗುಣ ಅಲ್ವಾ? ಕಾಲಿನ ತುಳಿತ ತಡೆಯಬೇಕಾದರೆ ಒರಟು ಉಣ್ಣೆಯೇ ಬೇಕು.

‘ಕಂಬಳಿ ತುಳೀಬಾರದು ಕಣ್ರೀ, ಅದು ಗದ್ದುಗೆಗೆ ಹಾಸುವಂಥದ್ದು’ ಅಂತ ಪಕ್ಕದ ಮನೆಯವರು ಹೇಳಿದರು. ನನಗೂ ಅಳುಕಿತ್ತು. ನೇಯ್ದುಕೊಟ್ಟ ಅಜ್ಜನನ್ನೇ ಕೇಳಿದೆ. ನಕ್ಕರು. ‘ದೇವ್ರ ಕಂಬಳಿ ಬ್ಯಾರೆ ಐತೆ ಟೀಚರಮ್ಮ. ನಾವು ಹುಟ್ಟಿದಾಗಿಂದ ಇದರ ಮ್ಯಾಲೇ ಮಲಗಿ ಎದ್ದೀವಿ. ಹಾಸ್ಕೊಳ್ರಿ, ತುಳೀರಿ, ಇನ್ನೊಂದು ಹೇಳಿ ಕಳಿಸ್ರಿ’ ಅಂದರು.

ವೇದಿಕೆ ಮೇಲೆ ರಾಜಕಾರಣಿಗಳ ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಕುರಿಮರಿ ಕೊಟ್ಟ ಫೋಟೊ ನಿಮ್ಮ ಪತ್ರಿಕೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸಭೆ ಮುಗಿದ ಮೇಲೆ ಆ ಕಂಬಳಿಗಳು ಎಲ್ಲಿಗೆ ಹೋಗುತ್ತವೋ. ಈ ಸಲ ನಿಮ್ಮ ಪುರವಣಿಯವರನ್ನೇ ಚಳ್ಳಕೆರೆಗೋ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಗೋ ಕಳಿಸಿ. ಉಣ್ಣೆ ನೇಕಾರರ ಸಹಕಾರ ಸಂಘಗಳಿವೆ, ಅಲ್ಲಿ ವಿಚಾರಿಸಿ ವಿಳಾಸ, ಅಳತೆ, ದರ ಅಚ್ಚು ಹಾಕಿ. ಎಷ್ಟು ಅಗಲ ನೇಯಬಹುದು, ಎಷ್ಟು ದಿನ ಹಿಡಿಯುತ್ತೆ ಅಂತ ಬರೆದರೆ ಕೊಳ್ಳುವವರಿಗೆ ಗೊತ್ತಾಗುತ್ತದೆ. ನನ್ನದಕ್ಕೆ ಎರಡು ಪಟ್ಟಿ ಸೇರಿ 4,400 ರೂಪಾಯಿ ಆಯಿತು, ಆರು ವಾರ ಕಾದೆ.

ಫೋಟೊ ಬೇಕಿದ್ದರೆ ಮನೆಗೇ ಬನ್ನಿ. ಬೆಳಗ್ಗೆ ಎಂಟರೊಳಗೆ ಬಂದರೆ ಒಳ್ಳೆಯದು. ಆಮೇಲೆ ಮೊಮ್ಮಗ ಅದರ ಮೇಲೆ ಬಸ್ಸು, ಲಾರಿ ಎಲ್ಲ ತಂದು ನಿಲ್ಲಿಸುತ್ತಾನೆ, ಎಬ್ಬಿಸಿದರೆ ಅಳುತ್ತಾನೆ.

— ನಿವೃತ್ತ ಶಿಕ್ಷಕಿ, ಯಲಹಂಕ, ಬೆಂಗಳೂರು